ಕಿಟಕಿಯಿಂದ ಎಸೆದ ಟವೆಲ್ಲು

ಇಡೀ ಸಾಗರ ಪೇಟೆಯಲ್ಲಿ ಕಂಪ್ಯೂಟರ್ ಇರುವುದು ನಮ್ಮ ಅಂಗಡಿಯಲ್ಲಿ ಮಾತ್ರ ಎಂದು ನಾನು ಹೇಳಿಕೊಂಡು ತಿರುಗುತ್ತಿದ್ದೆ. ನಿಜವೋ ಸುಳ್ಳೋ ವಿಚಾರಿಸಲು ಹೋಗಲಿಲ್ಲ. ಅದು ಎಂಬತ್ತರ ದಶಕದ ಕೊನೆ. ಬಿ.ಎಸ್ಸಿ. ಮುಗಿಸಿ, ‘ಸಿ’ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಪುಸ್ತಕ ನೋಡಿಯೇ ಕಲಿತವಳು ನಾನು. ಜಂಬ ಇಲ್ಲದೆ ಇರುತ್ತದೆಯೇ? ಸುತ್ತಲಿನ ಹೈಸ್ಕೂಲುಗಳು ಪರೀಕ್ಷೆಯ ಅಂಕಗಳನ್ನು ನಮಗೆ ಕಳಿಸುತ್ತಿದ್ದವು. ಅವನ್ನು ಜೋಡಿಸಿ ಅಂಕಪಟ್ಟಿ ಮುದ್ರಿಸುವ ಪ್ರೋಗ್ರಾಂ ನನ್ನದು.

ಅಂಕಗಳನ್ನು ಟೈಪ್ ಮಾಡುತ್ತಿದ್ದವರು ರಿಪ್ಪನ್‌ಪೇಟೆಯ ಒಬ್ಬ ಅಕ್ಕ. ನನಗಿಂತ ಹದಿನೈದು ವರ್ಷ ದೊಡ್ಡವರು. ಗಂಡ ತೀರಿಕೊಂಡ ಮೇಲೆ ಟೈಪಿಂಗ್ ಕಲಿತು ಆ ಸಂಬಳದಲ್ಲೇ ಮನೆ ನಡೆಸುತ್ತಿದ್ದರು. ನನ್ನೂರೂ ಅದೇ, ಇಬ್ಬರಿಗೂ ಒಂದೇ ಬಸ್ಸು.

ಆ ವರ್ಷ ಅದೇ ಯಂತ್ರಕ್ಕೆ ಎರಡನೆಯ ಪರದೆಯೂ ಕೀಲಿಮಣೆಯೂ ಬಂದವು. ಒಂದು ಸಂಜೆ ಐದೂವರೆಯ ಬಸ್ಸಿನ ಗಡಿಬಿಡಿ. ಅಕ್ಕ ಒಂದರಲ್ಲಿ ಹೊಸನಗರದ ಕಡೆಯ ಶಾಲೆಯ ಪಟ್ಟಿ, ನಾನು ಇನ್ನೊಂದರಲ್ಲಿ ತೀರ್ಥಹಳ್ಳಿ ಕಡೆಯದು, ಇಬ್ಬರೂ ಒಟ್ಟಿಗೇ ಗುಂಡಿ ಒತ್ತಿ ಓಡಿದೆವು. ಮುದ್ರಣವಾದದ್ದನ್ನು ಬೆಳಿಗ್ಗೆ ಯಾರೂ ನೋಡದೆ ಅಂಚೆಗೆ ಹಾಕಿದ್ದಾಯಿತು. ವಾರ ಕಳೆಯುವಷ್ಟರಲ್ಲಿ ಹೊಸನಗರದ ಕಡೆಯ ಹೆಡ್‌ಮಾಸ್ತರರು ಕೆಂಡಾಮಂಡಲವಾಗಿ ಬಂದರು. ಅವರ ಮಕ್ಕಳ ಹೆಸರಿನ ಮುಂದೆ ತೀರ್ಥಹಳ್ಳಿ ಮಕ್ಕಳ ಅಂಕಗಳಿದ್ದವು.

ಅಕ್ಕನೇ ಹಾಳೆ ಅದಲುಬದಲು ಮಾಡಿದ್ದಾರೆ ಎಂದು ಅಂಗಡಿಯ ಯಜಮಾನರು ತೀರ್ಮಾನಿಸಿಬಿಟ್ಟರು. ಆದರೂ ನನ್ನನ್ನು ಕರೆದು ಕೇಳಿದರು.

ನನ್ನ ಪ್ರೋಗ್ರಾಂ ಅಂಕ ಜೋಡಿಸುವಾಗ ಒಂದು ತಾತ್ಕಾಲಿಕ ಫೈಲು ಮಾಡಿಕೊಳ್ಳುತ್ತಿತ್ತು, ಕೆಲಸ ಮುಗಿದ ಮೇಲೆ ಅಳಿಸುತ್ತಿತ್ತು. ಅಡುಗೆ ಮಧ್ಯೆ ಹೆಚ್ಚಿದ ಹೋಳು ಹಾಕಿಟ್ಟುಕೊಳ್ಳುವ ತಟ್ಟೆಯ ಹಾಗೆ. ಆ ಹೆಸರಿನ ಫೈಲು ಈಗಾಗಲೇ ಇದೆಯೇ ಎಂದು ಮೊದಲು ನೋಡು, ಇಲ್ಲದಿದ್ದರೆ ಮಾಡು, ಇದ್ದರೆ ಕಾದಿರು ಎಂದು ಬರೆದಿದ್ದೆ.

“ನೋಡ್ಕೊಂಡೇ ಮಾಡೋದು ಸಾರ್. ನನ್ನ ಪ್ರೋಗ್ರಾಮಿನಲ್ಲಿ ತಪ್ಪಿಲ್ಲ” ಎಂದೆ.

“ಹಾಗಾದ್ರೆ ಶನಿವಾರಕ್ಕೆ ಅವ್ರಿಗೆ ಕೆಲಸ ಸಾಕು ಅಂತ ಹೇಳ್ತೀನಿ” ಎಂದರು ಯಜಮಾನರು.

ಅಕ್ಕ ನನ್ನ ಮುಖ ನೋಡಿ, “ನಾನು ಹಾಳೆ ಬದಲು ಮಾಡಿಲ್ಲ ಮಾರಾಯ್ತಿ” ಎಂದಷ್ಟೇ ಹೇಳಿದರು.

ಅವತ್ತು ಸಂಜೆ ಬಸ್ಸು ಬಂದಾಗ ಅಕ್ಕ ಎಂದಿನಂತೆ ಕಿಟಕಿಯಿಂದ ಟವೆಲ್ಲು ಎಸೆದು ಸೀಟು ಹಿಡಿದರು. ಹಾಗೆ ಎಸೆಯುವುದು ನನ್ನ ಮರ್ಯಾದೆಗೆ ಕಡಿಮೆ. ಇಣುಕಿ ನೋಡಿದೆ, ಹಿಂದಿನ ಸೀಟು ಖಾಲಿ ಇತ್ತು. ಸುತ್ತಿ ಬಂದು ಬಾಗಿಲಲ್ಲಿ ನೂಕಾಡಿ ಹತ್ತುವಷ್ಟರಲ್ಲಿ ಅಲ್ಲೊಬ್ಬ ಅಜ್ಜಿ ಹಲಸಿನಹಣ್ಣಿನ ಸಮೇತ ಕೂತಾಗಿತ್ತು.

“ನಾನು ನೋಡ್ದಾಗ ಖಾಲಿ ಇತ್ತು!” ಎಂದು ಜಗಳಕ್ಕೇ ನಿಂತೆ.

“ನೋಡಿದ್ರೆ ಸೀಟು ನಿಂದಾಗ್ತದಾ? ಟವೆಲ್ ಹಾಕ್ಬೇಕಿತ್ತು” ಎಂದಿತು ಅಜ್ಜಿ.

ಬಸ್ಸೆಲ್ಲ ನಕ್ಕಿತು. ಸಿಟ್ಟಿನಲ್ಲಿ ಕಂಬಿ ಹಿಡಿದು ನಿಂತವಳಿಗೆ ಆನಂದಪುರ ದಾಟುವಾಗ ಹೊಳೆಯಿತು. ನನ್ನ ಪ್ರೋಗ್ರಾಮೂ ಇಣುಕಿ ನೋಡಿ ಬಾಗಿಲಿಗೆ ಸುತ್ತಿ ಬರುತ್ತಿತ್ತು! ಎರಡು ಪರದೆಯಿಂದಲೂ ಒಂದೇ ಕ್ಷಣದಲ್ಲಿ ನೋಡಿದರೆ ಇಬ್ಬರಿಗೂ ಫೈಲು ಇಲ್ಲವೆಂದೇ ಕಾಣುತ್ತದೆ, ಇಬ್ಬರೂ ಅದೇ ಹೆಸರಿನಲ್ಲಿ ಮಾಡಿ ಒಬ್ಬರ ಮೇಲೊಬ್ಬರು ಬರೆಯುತ್ತಾರೆ.

ಬೆಳಿಗ್ಗೆ ಅಂಗಡಿ ತೆರೆಯುವ ಮೊದಲೇ ಹೋಗಿ ಕಾದೆ. ನೋಡುವುದಕ್ಕೂ ಮಾಡುವುದಕ್ಕೂ ನಡುವೆ ಐದು ಸೆಕೆಂಡು ನಿಲ್ಲುವಂತೆ ಪ್ರೋಗ್ರಾಂ ತಿದ್ದಿ, ಯಜಮಾನರನ್ನು ಒಂದು ಪರದೆಗೆ ಕೂರಿಸಿದೆ. ಇಬ್ಬರೂ ಗುಂಡಿ ಒತ್ತಿದೆವು. ಅಂಕಗಳು ಕಲಸಿಹೋದವು. “ತಪ್ಪು ನಂದು ಸಾರ್, ಅಕ್ಕಂದಲ್ಲ” ಎಂದೆ. ಆಮೇಲೆ ಎರಡು ಹೆಜ್ಜೆಯನ್ನು ಒಂದೇ ಆಜ್ಞೆಗೆ ಇಳಿಸಿದೆ: ಆ ಹೆಸರಿನ ಫೈಲು ಇಲ್ಲದಿದ್ದರೆ ಮಾತ್ರ ಮಾಡು, ಇದ್ದರೆ ಆಗದು ಎನ್ನು. ಆಗದು ಎಂದರೆ ಇನ್ನೊಂದು ಹೆಸರು ಹಿಡಿ. ಇಪ್ಪತ್ತು ಸಲ ಒಟ್ಟಿಗೆ ಒತ್ತಿ ನೋಡಿದೆವು, ಒಂದು ಸಲವೂ ಕಲಸಲಿಲ್ಲ. ಹೊಸ ಪಟ್ಟಿಗಳನ್ನು ಎರಡೂ ಶಾಲೆಗೆ ನಾನೇ ಕೊಂಡೊಯ್ದು ಬೈಸಿಕೊಂಡು ಬಂದೆ. ಅಕ್ಕನ ಕೆಲಸ ಉಳಿಯಿತು. ಮಿಷನ್ನೂ ಈಗ ನಿಮ್ಮ ಹಾಗೇ ಮೊದಲು ಟವೆಲ್ಲು ಹಾಕುತ್ತದೆ ಎಂದು ಅವರಿಗೆ ಹೇಳಿದೆ.

ಮುಂದೆ ನೂರಾರು ಪ್ರೋಗ್ರಾಂ ಬರೆದಿದ್ದೇನೆ, ಹೊಗಳಿಸಿಕೊಂಡಿದ್ದೇನೆ. ನನಗೆ ಹೆಮ್ಮೆ ಇರುವುದು ಆ ಒಂದು ಸಾಲಿನ ಬಗ್ಗೆ ಮತ್ತು ಅವತ್ತು ಯಜಮಾನರ ಮುಂದೆ ಆಡಿದ ಒಂದು ಮಾತಿನ ಬಗ್ಗೆ.

ಶನಿವಾರ ಸಂಜೆ ಬಸ್ಸು ಬಂತು. ಅಕ್ಕ ಟವೆಲ್ಲು ಎಸೆದರು, ಅದರ ಹಿಂದೆಯೇ ಕೊಡೆಯನ್ನೂ ತೂರಿಸಿದರು. ನಾನು ಹತ್ತಿದಾಗ ಕೊಡೆ ಎತ್ತಿಕೊಂಡು ಜಾಗ ಮಾಡಿದರು.

“ಮಿಷನ್ನಿಗೆ ಕಲಿಸ್ದೆ. ನೀ ಕಲಿಯೋದು ಯಾವಾಗ?” ಎಂದರು.

ಕಿಟಕಿ ಪಕ್ಕದ ಜಾಗವನ್ನು ನನಗೇ ಬಿಟ್ಟಿದ್ದರು.