ಮಾರ್ಲೀನ್ ಟ್ವೈಟ್ ಬೇಡವೆಂದ ಫೌಲ್

ಉತ್ತರ ಡಕೋಟದ ಸಣ್ಣ ಕಾಲೇಜುಗಳ ಬಾಸ್ಕೆಟ್‌ಬಾಲ್ ಒಕ್ಕೂಟದಲ್ಲಿ ಹೆಣ್ಣುಮಕ್ಕಳ ಆಟಕ್ಕೆ ಒಂದು ಘನತೆ ಬಂದಿದ್ದರೆ, ಅದರ ಬಹುಪಾಲು ಶ್ರೇಯಸ್ಸು ಈ ವಸಂತದಲ್ಲಿ ನಿವೃತ್ತರಾಗುತ್ತಿರುವ ಕೋಚ್ ಮಾರ್ಲೀನ್ ಟ್ವೈಟ್ ಅವರಿಗೆ ಸಲ್ಲಬೇಕು. ಇದನ್ನು ಸಂತೋಷದಿಂದ ಬರೆಯಬೇಕಿತ್ತು. ಏನು ಮಾಡುವುದು, ನಮ್ಮ ಹಾರ್ಲನ್ ಫೋರ್ಕ್ ಕಾಲೇಜಿನಲ್ಲಿ ಈಗ ಯಾರ ಮುಖದಲ್ಲೂ ಕಳೆಯಿಲ್ಲ.

ಅವರು ಕೆಲಸಕ್ಕೆ ಸೇರಿದಾಗ ಹುಡುಗಿಯರ ತಂಡಕ್ಕೊಂದು ಬಸ್ಸೂ ಇರಲಿಲ್ಲ. ಹಿಮಗಾಳಿಯಲ್ಲಿ ತಾವೇ ವ್ಯಾನ್ ಓಡಿಸಿಕೊಂಡು ಊರೂರಿಗೆ ಕರೆದೊಯ್ದರು. ತಾಯಿಯಿಲ್ಲದ ಡೆಲ್ಲಾ ಹಾಕಿನ್ಸ್ ಎಂಬ ಆಟಗಾರ್ತಿಯನ್ನು ರಜೆಗಳಲ್ಲೆಲ್ಲ ಮನೆಯಲ್ಲಿರಿಸಿಕೊಂಡು, ಹಾಟ್‌ಡಿಶ್ ಎಂಬ ಅಲ್ಲಿನ ಬಿಸಿ ಅಡುಗೆ ಬಡಿಸಿ, ಗಣಿತ ಹೇಳಿಕೊಟ್ಟು, ಮಗಳಂತೆ ನೋಡಿಕೊಂಡರು. ಆದರೆ ಅವರಿಗೊಂದು ಹಟವಿತ್ತು. ಮೂರು ಅಂಕ ಮುಂದಿದ್ದು ಕೆಲವೇ ಕ್ಷಣ ಉಳಿದಾಗ ಬೇಕೆಂದೇ ಫೌಲ್ ಮಾಡಿಸಿ, ಎದುರಾಳಿಗೆ ಮೂರಂಕದ ಎಸೆತ ತಪ್ಪಿಸಿ, ತಲಾ ಒಂದಂಕದ ಎರಡೇ ಫ್ರೀ ಥ್ರೋ ಸಿಗುವಂತೆ ಮಾಡುವುದು ಎಲ್ಲ ಕೋಚ್‌ಗಳೂ ಬಲ್ಲ ಉಪಾಯ. ಮಾರ್ಲೀನ್ ಅವರಿಗೆ ಅದು ಹೇಸಿಗೆ. ಆಡಿ ತಡೆಯಿರಿ, ಕೈ ಹಿಡಿದೆಳೆದು ಗೆಲ್ಲಬೇಡಿ ಎನ್ನುತ್ತಿದ್ದರು.

ಈ ಮಾರ್ಚ್‌ನಲ್ಲಿ ಒಕ್ಕೂಟದ ಟೂರ್ನಿಯ ಫೈನಲ್ ತಲುಪಿದೆವು. ಋತುವಿಡೀ ಮೊದಲ ಸ್ಥಾನದಲ್ಲಿದ್ದರೇನು ಬಂತು, ನಮ್ಮಂಥ ಸಣ್ಣ ಒಕ್ಕೂಟದಿಂದ ರಾಷ್ಟ್ರೀಯ ಪಂದ್ಯಾವಳಿಗೆ ಹೋಗುವುದು ಈ ಟೂರ್ನಿ ಗೆದ್ದವರು ಮಾತ್ರ. ಕಾಲೇಜು ಹಿಂದೆಂದೂ ಹೋಗಿರಲಿಲ್ಲ. ಕೊನೆಯ ವರ್ಷದ ಡೆಲ್ಲಾಗೆ ಇನ್ನೊಂದು ಅವಕಾಶವಿರಲಿಲ್ಲ. ಕೆಲವೇ ಕ್ಷಣ ಉಳಿದಿರುವಾಗ ಮೂರು ಅಂಕ ಮುಂದಿದ್ದೆವು. ಗೆದ್ದವರು ವಾಡಿಕೆಯಂತೆ ಮೇಲೇರಿ ಬುಟ್ಟಿಯ ಬಲೆಯನ್ನು ನೆನಪಿಗೆ ಕತ್ತರಿಸಿಕೊಳ್ಳುವ ಏಣಿಯನ್ನೂ ಅಂಕಣದ ಅಂಚಿಗೆ ತಂದಾಗಿತ್ತು. ಫೌಲ್ ಮಾಡಿಸೋಣವೆಂದು ಸಹಾಯಕ ಕೋಚ್ ಜೋಡಿ ರಾಸ್ಮುಸೆನ್ ಅಂಗಲಾಚಿದರು. ಮಾರ್ಲೀನ್ ಬೇಡವೆಂದರು. ಎದುರಾಳಿಯ ಮೂರಂಕದ ಎಸೆತ ಬಲೆಗೆ ಬಿತ್ತು, ಅಂಕ ಸಮವಾಗಿ ಆಟ ಹೆಚ್ಚುವರಿ ಅವಧಿಗೆ ಹೋಯಿತು, ಅಲ್ಲಿ ಸೋತೆವು.

ಬಟ್ಟೆ ಬದಲಿಸುವ ಕೋಣೆಯಲ್ಲಿ ಡೆಲ್ಲಾ ಶೂ ಕೂಡ ಬಿಚ್ಚದೆ ಕೂತಿದ್ದಳು.

"ಆ ಎಸೆದವಳ ಕೈ ನನಗೆ ಸಿಕ್ಕಿತ್ತು, ಕೋಚ್," ಎಂದಳು. "ನೀವು ಬೈತೀರಂತ ಬಿಟ್ಬಿಟ್ಟೆ."

ತಮ್ಮ ಹಟಕ್ಕೆ ಆ ಹುಡುಗಿ ಬೆಲೆ ತೆತ್ತಳಲ್ಲ ಎಂಬ ಸಂಕಟ ಮಾರ್ಲೀನ್ ಅವರನ್ನು ಹಿಂಡಿತು. ಪತ್ರಿಕೆಯವರೇನೋ ಫೌಲ್ ಬೇಡವೆಂದದ್ದನ್ನು ಆದರ್ಶವೆಂದು ಹೊಗಳಿ ಬರೆದರು. ಸೋಲಿಗಿಂತ ಆ ಹೊಗಳಿಕೆಯೇ ಅವರನ್ನು ಹೆಚ್ಚು ಚುಚ್ಚಿತು.

ಅವರ ಸ್ಥಾನಕ್ಕೆ ಬರುತ್ತಿರುವ ಜೋಡಿ ರಾಸ್ಮುಸೆನ್ ಮೊನ್ನೆ ಸಂಕೋಚದಿಂದಲೇ, ಮುಂದೆ ಅಂಥ ಗಳಿಗೆ ಬಂದರೆ ತಾನು ಫೌಲ್ ಮಾಡಿಸುವೆನೆಂದು ತಿಳಿಸಿದರು.

"ಮಾಡ್ಸು," ಎಂದರು ಮಾರ್ಲೀನ್. "ಆದ್ರೆ ನೀನೇ ಬಾಯಿಬಿಟ್ಟು ಹೇಳು. ಆ ಭಾರಾನ ಹುಡುಗೀರ ತಲೆ ಮೇಲೆ ಹಾಕ್ಬೇಡ."

ಹೊಸ ಹುಡುಗಿಯರಿಗೆ ಎಸೆತ ಕಲಿಸಲು ಅವರು ಬರುತ್ತಲೇ ಇರುತ್ತಾರೆ. ಅಷ್ಟು ನಮ್ಮ ಭಾಗ್ಯ. ಡೆಲ್ಲಾ ಮಾತ್ರ ಇನ್ನೂ ಅವರ ಫೋನ್ ಎತ್ತಿಲ್ಲ. ಅವಳು ಎತ್ತುವವರೆಗೂ, ಅದಾದ ಮೇಲೂ ಬಹುಕಾಲ, ಮಾರ್ಲೀನ್ ಅವರು ಆರೋಗ್ಯದಿಂದ ಬಾಳಲಿ ಎಂದು ಹಾರೈಸುತ್ತೇವೆ.