ಯಂತ್ರದ ಮುಂದೆ ನಿಂತವನು

ಕಾರಣವೇ ತಿಳಿಯದ ಇಂಥ ಅನುಭವಗಳನ್ನು ಬರೆಯುವವರ ಮೇಲೆ ನನಗೆ ಮೊದಲಿನಿಂದಲೂ ಸಿಟ್ಟು. ಹಾಸ್ಟೆಲಿನ ಮೂರನೇ ಮಹಡಿಯಲ್ಲಿ ಯಾರೋ ಅಳುತ್ತಾರೆ ಎಂದು ಹುಡುಗರೆಲ್ಲ ಹೆದರಿ ಒಟ್ಟಿಗೆ ಮಲಗುತ್ತಿದ್ದಾಗ, ಏಣಿ ಹಾಕಿ ಹತ್ತಿ, ನೀರಿನ ಟ್ಯಾಂಕಿನ ಸಡಿಲ ವಾಲ್ವನ್ನು ಬಿಗಿದು ಆ ಅಳುವನ್ನು ನಿಲ್ಲಿಸಿ ಬಂದವನು ನಾನು. ಆಮೇಲೆ ಒಂದು ವಾರ ಊಟದ ಹೊತ್ತಿನಲ್ಲಿ ಅದೇ ಕಥೆ ಹೇಳಿ ಎಲ್ಲರಿಗೂ ಬೇಸರ ತರಿಸಿದವನೂ ನಾನೇ. ಯಾವುದಕ್ಕೂ ಒಂದು ಕಾರಣ ಇದ್ದೇ ಇರುತ್ತದೆ, ಹುಡುಕುವ ತಾಳ್ಮೆ ಬೇಕು ಅಷ್ಟೆ ಎಂದು ನಂಬಿದ್ದೆ. ಈಗಲೂ ನಂಬುತ್ತೇನೆ. ಆದರೆ ಕೆಳಗೆ ಬರೆದಿರುವ ಸಂಗತಿಗೆ ಇಷ್ಟು ವರ್ಷ ಕಾರಣ ಹುಡುಕಿ ಸೋತಿದ್ದೇನೆ. ಓದಿದವರಿಗೆ ಹೊಳೆದರೆ ತಿಳಿಸಿ. ಇದನ್ನು ವಿನಯದಿಂದ ಕೇಳುತ್ತಿಲ್ಲ, ರೇಗಿಹೋಗಿ ಕೇಳುತ್ತಿದ್ದೇನೆ.

ಎರಡು ಸಾವಿರದ ದಶಕದ ಮೊದಲ ವರ್ಷಗಳು. ಹುಬ್ಬಳ್ಳಿಯಿಂದ ಸಿಯಾಟಲ್ ಬಳಿಯ ಬಾಥೆಲ್‌ಗೆ ಬಂದು ನನಗೆ ಒಂದು ವರ್ಷವಷ್ಟೇ ಆಗಿತ್ತು. ಯಂತ್ರವೊಂದು ಎಲ್ಲಿದೆ ಎಂದು ಉಪಗ್ರಹದ ಸಂಕೇತ ಹಿಡಿದು ತೋರಿಸುವ ಸಾಧನಗಳನ್ನು ತಯಾರಿಸುವ ಸಣ್ಣ ಕಂಪನಿಯಲ್ಲಿ ಎಂಜಿನಿಯರ್. ನನ್ನ ವೀಸಾ ಆ ಕಂಪನಿಯ ಹೆಸರಿನಲ್ಲಿತ್ತು. ಅವರು ಕೈಬಿಟ್ಟರೆ ನಾನೂ ನನ್ನ ಹೆಂಡತಿ ಸುಮಾಳೂ ಗಂಟುಮೂಟೆ ಕಟ್ಟಬೇಕಿತ್ತು. ನಮಗೆ ಸಿಕ್ಕಿದ್ದ ದೊಡ್ಡ ಕೆಲಸವೆಂದರೆ ಬೆಟ್ಟದ ರಸ್ತೆಗಳ ಹಿಮ ತೆಗೆಯುವ ಸ್ನೋ ಬ್ಲೋವರ್‌ಗಳಿಗೆ ದಾರಿ ತೋರಿಸುವುದು.

ನೋಡದವರಿಗಾಗಿ ಎರಡು ಮಾತು. ಕ್ಯಾಸ್ಕೇಡ್ ಪರ್ವತಗಳ ಕೆಲವು ರಸ್ತೆಗಳನ್ನು ಚಳಿಗಾಲವಿಡೀ ಮುಚ್ಚಿಬಿಡುತ್ತಾರೆ. ವಸಂತದ ಹೊತ್ತಿಗೆ ಅವುಗಳ ಮೇಲೆ ಮನೆಯೆತ್ತರ ಹಿಮ ಕೂತಿರುತ್ತದೆ. ಬುಲ್ಡೋಜರ್ ಮೇಲಿನ ಪದರವನ್ನು ತಳ್ಳಿದ ಮೇಲೆ ಬ್ಲೋವರ್ ಬರುತ್ತದೆ. ಲಾರಿಗಿಂತ ದೊಡ್ಡ ಯಂತ್ರ. ಅದರ ಮುಂದಿನ ಸುರುಳಿ ಅಲಗುಗಳು ಹಿಮವನ್ನು ಕೊರೆದು ಒಳಗೆಳೆಯುತ್ತವೆ, ಮೇಲಿನ ಕೊಳವೆ ಅದನ್ನು ಕಣದಲ್ಲಿ ಜೋಳ ತೂರಿದ ಹಾಗೆ ಕಣಿವೆಗೆ ತೂರುತ್ತದೆ. ಕಷ್ಟವೆಂದರೆ, ಕೆಳಗೆ ರಸ್ತೆ ಎಲ್ಲಿದೆ ಎಂದು ಕಾಣುವುದಿಲ್ಲ. ಒಂದು ಬದಿ ಬೆಟ್ಟ, ಇನ್ನೊಂದು ಬದಿ ಪ್ರಪಾತ, ನಡುವೆ ಒಂದೇ ಬಿಳಿ ಇಳಿಜಾರು. ಅಂಚಿಗೆ ನೆಟ್ಟ ಕಂಬಗಳನ್ನು ಜಾರಿಬಂದ ಹಿಮ ಕಿತ್ತೊಯ್ದಿರುತ್ತದೆ. ಹಳೆಯ ಚಾಲಕರು ಅಂದಾಜಿನ ಮೇಲೆ ಹೋಗುತ್ತಿದ್ದರು. ನಮ್ಮ ಸಾಧನ ಚಾಲಕನ ಮುಂದಿನ ಪರದೆಯ ಮೇಲೆ ರಸ್ತೆಯ ನಡುಗೆರೆಯನ್ನು ತೋರಿಸುತ್ತಿತ್ತು. ಆ ಗೆರೆಯನ್ನು ಮಾಡಿದವನು ನಾನು. ಹಿಂದಿನ ಅಕ್ಟೋಬರಿನಲ್ಲಿ, ರಸ್ತೆ ಮುಚ್ಚುವ ಮೊದಲು, ಕಾರಿನ ನೆತ್ತಿಗೆ ಆಂಟೆನಾ ಕಟ್ಟಿಕೊಂಡು ಆ ದಾರಿಯನ್ನು ಹತ್ತಿದ್ದೆ.

ಪರೀಕ್ಷೆಯ ದಿನ ಒಳ್ಳೆಯ ಬಿಸಿಲು. ಹಗಲು ಹನ್ನೊಂದರ ಸಮಯ. ಮಂಜು ಕವಿದಿತ್ತು, ಕತ್ತಲಿತ್ತು ಎಂದು ಹೇಳುವ ಅವಕಾಶವೂ ನನಗಿಲ್ಲ. ಬ್ಲೋವರ್ ನಡೆಸುತ್ತಿದ್ದವನು ಡೇಲ್, ಅರವತ್ತರ ಹತ್ತಿರದವನು. ನಾನು ಇನ್ನೂರು ಹೆಜ್ಜೆ ಹಿಂದೆ ವ್ಯಾನಿನಲ್ಲಿ ಒಬ್ಬನೇ ಕೂತು ಲ್ಯಾಪ್‌ಟಾಪಿನಲ್ಲಿ ಟಿಪ್ಪಣಿ ಹೊಡೆಯುತ್ತಿದ್ದೆ. ನನ್ನ ಸಹೋದ್ಯೋಗಿ, ಬೆಂಗಳೂರಿನ ಮಂಜುನಾಥ, ಹೊರಗೆ ಯಂತ್ರದ ಎಡ ಪಕ್ಕದಲ್ಲಿ ನಡೆದು ಬರುತ್ತಿದ್ದ. ಅಗಲವಾದ ಬಯಲಿನಲ್ಲಿ ಎಲ್ಲ ಸರಿಹೋಗಿತ್ತು. ಬಲಕ್ಕೆ ಪ್ರಪಾತವಿರುವ ತಿರುವಿಗೆ ಬಂದಾಗ ಡೇಲ್ ರೇಡಿಯೋದಲ್ಲಿ ಗೊಣಗಿದ. ಅವನ ಇಂಗ್ಲಿಷನ್ನು ನನ್ನ ಭಾಷೆಯಲ್ಲೇ ಹೇಳುತ್ತೇನೆ.

"ಬಲಕ್ಕೆ ಜಾಸ್ತಿ ಎಳೀತಿದೆಯಪ್ಪ ನಿನ್ನ ಗೆರೆ. ಇಪ್ಪತ್ತಾರು ಚಳಿಗಾಲ ಈ ಸೀಟಿನ ಮೇಲೆ ಕೂತ ಕುಂಡಿ ಹೇಳ್ತಿದೆ."

"ಉಪಗ್ರಹಕ್ಕೆ ಕುಂಡಿ ಇಲ್ಲ ಡೇಲ್, ಅದಕ್ಕೇ ಅದು ತಪ್ಪಲ್ಲ. ಗೆರೆ ಬಿಡಬೇಡ," ಎಂದೆ. ನನ್ನ ಜಾಣತನಕ್ಕೆ ನಾನೇ ನಕ್ಕೆ.

ಇಲ್ಲಿಯವರೆಗೆ ಎಲ್ಲರ ನೆನಪೂ ಒಂದೇ. ಮುಂದಿನದರಲ್ಲಿ ನಾನೊಬ್ಬನೇ ಬೇರೆ. ನನ್ನ ನೆನಪಿನ ಪ್ರಕಾರ ನಾನು ಬೂಟು ಕಳಚಿ, ಒದ್ದೆ ಕಾಲುಚೀಲವನ್ನು ಹೀಟರಿಗೆ ಒಡ್ಡಿ, ಸುಮಾ ಕಟ್ಟಿಕೊಟ್ಟ ಹಚ್ಚಿದ ಅವಲಕ್ಕಿಯನ್ನು ಮುಕ್ಕುತ್ತಿದ್ದೆ. ಯಂತ್ರದ ಸದ್ದು ಒಮ್ಮೆಲೇ ನಿಂತಿತು. ತಲೆಯೆತ್ತಿದೆ. ಏನೂ ಕಾಣಲಿಲ್ಲ, ಯಂತ್ರದ ಬೆನ್ನಷ್ಟೇ. ಸ್ವಲ್ಪ ಹೊತ್ತಿಗೆ ಮಂಜುನಾಥ ಓಡಿಬಂದು ವ್ಯಾನಿನ ಬಾಗಿಲೆಳೆದ.

"ಲೋ, ತಲೆ ಕೆಟ್ಟಿದ್ಯಾ ನಿಂಗೆ? ಆ ಬ್ಲೇಡ್ ಮುಂದೆ ಹೋಗಿ ನಿಂತ್ಕೊಳ್ತಾರೇನೋ?"

"ಯಾರ್ ನಿಂತಿದ್ರು?"

"ನೀನೇ ಕಣೋ! ಎರಡೂ ಕೈ ಅಗಲಿಸ್ಕೊಂಡು. ನನ್ ಎದೆ ಒಡೆದೋಯ್ತು. ಇಲ್ಲಿ ನೋಡಿದ್ರೆ ಅವಲಕ್ಕಿ ತಿಂತಾ ಕೂತಿದೀಯ. ಯಾವಾಗ ವಾಪಸ್ ಬಂದೆ?"

"ನಾ ವ್ಯಾನ್ ಬಿಟ್ಟು ಇಳದೇ ಇಲ್ಲಲೇ."

"ಬಿಲ್ಡಪ್ ಕೊಡಬೇಡ, ಸುಮ್ನೆ ಬಾ."

ಹೋದೆ. ಯಂತ್ರದ ಬಲಬದಿಯ ಮುಂದಿನ ಚಕ್ರದ ಪಕ್ಕದಲ್ಲಿ ಬುಲ್ಡೋಜರಿನವನು ಉದ್ದನೆಯ ಲೋಹದ ಕೋಲನ್ನು ಹಿಮಕ್ಕೆ ಚುಚ್ಚುತ್ತಿದ್ದ. ಕೋಲು ಅವನ ಕೈಯವರೆಗೂ ಇಳಿಯಿತು. ಕೆಳಗೆ ರಸ್ತೆ ಇರಲಿಲ್ಲ, ನೆಲವೇ ಇರಲಿಲ್ಲ. ಇನ್ನು ಮೂರು ಮಾರು ಹೋಗಿದ್ದರೆ ಯಂತ್ರವೂ ಡೇಲನೂ ಕೆಳಗಿನ ಹೊಳೆಯ ಪಾಲು. ಡೇಲ್ ನನ್ನತ್ತ ಬಂದ. ನನ್ನ ಹೆಗಲ ಮೇಲೆ ಕೈಹಾಕಿ, ಪರೀಕ್ಷೆ ನೋಡಲು ಬಂದಿದ್ದ ತನ್ನ ಮೇಲಧಿಕಾರಿಗೆ ಹೇಳಿದ, "ಈ ಹುಡುಗ ಅಡ್ಡ ಬಂದದ್ದಕ್ಕೆ ಬದುಕಿದೆ. ಬರೆದುಕೊಳ್ಳಿ."

ನಾನು ಇಲ್ಲವೆಂದೆ. ಎಲ್ಲರೂ ಅದನ್ನು ಸಂಕೋಚವೆಂದುಕೊಂಡರು.

ನನ್ನ ಸಿಟ್ಟೆಲ್ಲ ಮುಂದಿನ ಹತ್ತು ನಿಮಿಷಗಳ ಮೇಲೆ. ಹೆಜ್ಜೆಗುರುತು ನೋಡಬೇಕೆಂದು ನನಗೆ ಹೊಳೆಯುವಷ್ಟರಲ್ಲಿ ಐದಾರು ಜನ, ನನ್ನನ್ನೂ ಸೇರಿಸಿ, ಅಲ್ಲೆಲ್ಲ ತುಳಿದಾಡಿ ಆಗಿತ್ತು. ಬೂಟು ಒದ್ದೆಯಿತ್ತು, ಅದು ಬೆಳಗಿನಿಂದಲೂ ಒದ್ದೆ. ಲ್ಯಾಪ್‌ಟಾಪಿನ ಟಿಪ್ಪಣಿಗಳ ನಡುವೆ ಹನ್ನೊಂದು ನಿಮಿಷದ ಖಾಲಿ ಜಾಗವಿತ್ತು. ಅವಲಕ್ಕಿ ತಿನ್ನಲು ಹನ್ನೊಂದು ನಿಮಿಷ ಬೇಕೆ? ಬೇಕಾಗಬಹುದು. ಅಷ್ಟರಲ್ಲಿ ಬೂಟು ಹಾಕಿ, ಹಿಮದಲ್ಲಿ ಇನ್ನೂರು ಹೆಜ್ಜೆ ಓಡಿ, ಯಂತ್ರವನ್ನು ಸುತ್ತಿ ಮುಂದೆ ಹೋಗಿ ನಿಂತು, ಯಾರಿಗೂ ಕಾಣದೆ ವಾಪಸು ಬಂದು ಬೂಟು ಕಳಚಬಹುದೆ? ಮುಂದಿನ ವಾರ ಗಡಿಯಾರ ಹಿಡಿದು ಓಡಿ ನೋಡಿದೆ. ಹನ್ನೊಂದೂವರೆ ನಿಮಿಷ ಬಂತು. ಆಗುತ್ತದೆ ಎನ್ನಲೂ ಬಾರದ, ಆಗುವುದಿಲ್ಲ ಎನ್ನಲೂ ಬಾರದ ಉತ್ತರ. ಸ್ಟಾಪ್‌ವಾಚನ್ನು ಎಸೆಯಬೇಕೆನಿಸಿತು.

ಪರೀಕ್ಷೆಯ ದಿನವೇ ರಾತ್ರಿ ಸುಮಾಳಿಗೆ ನಡೆದದ್ದನ್ನು ಹೇಳಿದ್ದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲೂ ಇಲ್ಲ. "ಹೋಗೀರಿ, ಮರ್ತೀರಿ. ಮೊನ್ನೆ ಕಾರಿನ ಕೀಲಿ ಫ್ರಿಜ್‌ನ್ಯಾಗ ಇಟ್ಟಿದ್ದು ನೆನಪಿತ್ತೇನು ನಿಮಗ? ಒಬ್ಬ ಮನಷ್ಯಾ ಉಳದಾನ, ಅಷ್ಟ ಸಾಕು, ಊಟಾ ಮಾಡ್ರಿ."

ಅವಳು ಮಲಗಿದ ಮೇಲೆ ಅಕ್ಟೋಬರಿನ ನೋಟುಪುಸ್ತಕ ತೆಗೆದೆ. ಕಾಲು ಗಂಟೆಯಲ್ಲಿ ತಪ್ಪು ಸಿಕ್ಕಿತು. ಅಮೆರಿಕದಲ್ಲಿ ಕಾರು ರಸ್ತೆಯ ಬಲಬದಿಯಲ್ಲಿ ಓಡುತ್ತದೆ. ರಸ್ತೆಯ ನಡು ಕಾರಿನ ಎಡಕ್ಕಿರುತ್ತದೆ. ಹುಬ್ಬಳ್ಳಿಯಲ್ಲಿ ಹತ್ತು ವರ್ಷ ಸ್ಕೂಟರ್ ಓಡಿಸಿದ ನನ್ನ ತಲೆಯಲ್ಲಿ ನಡು ಯಾವಾಗಲೂ ಬಲಕ್ಕೇ. ಕಾರು ಹೋದ ಗೆರೆಯಿಂದ ನಡುಗೆರೆ ಲೆಕ್ಕ ಹಾಕುವಾಗ ಆರು ಅಡಿ ಎಡಕ್ಕೆ ಎಂದು ಬರೆಯಬೇಕಾದಲ್ಲಿ ಬಲಕ್ಕೆ ಎಂದು ಬರೆದಿದ್ದೆ. ಇಡೀ ರಸ್ತೆಯನ್ನೇ ಹನ್ನೆರಡು ಅಡಿ, ಅಂದರೆ ಒಂದು ಲೇನಿನಷ್ಟು, ಪ್ರಪಾತದ ಕಡೆ ಸರಿಸಿದ್ದೆ. ಉಪಗ್ರಹ ತಪ್ಪಿರಲಿಲ್ಲ. ಡೇಲನ ಕುಂಡಿಯೂ ತಪ್ಪಿರಲಿಲ್ಲ.

ಇದನ್ನು ಸುಮಾಳಿಗೂ ಹೇಳಲಿಲ್ಲ, ಮಂಜುನಾಥನಿಗೂ ಹೇಳಲಿಲ್ಲ. ವೀಸಾದ ನವೀಕರಣ ಎದುರಿಗಿತ್ತು. ಬೆಳಿಗ್ಗೆ ಯಾರಿಗೂ ಕಾಣದಂತೆ ಲೆಕ್ಕ ತಿದ್ದಿ, ಬೆಟ್ಟದ ಮರೆಯಿಂದ ಸಂಕೇತಕ್ಕೆ ಅಡಚಣೆಯಾಗಿತ್ತು, ಅನುಮಾನ ಬಂದು ಎಂಜಿನಿಯರ್ ಸ್ವತಃ ಹೋಗಿ ಯಂತ್ರವನ್ನು ನಿಲ್ಲಿಸಿದರು ಎಂದು ವರದಿ ಬರೆದು ಸಹಿ ಹಾಕಿದೆ. ಎಲ್ಲರೂ ನೋಡಿದ್ದನ್ನೇ ಬರೆದೆನಲ್ಲ ಎಂದು ಸಮಾಧಾನ ಮಾಡಿಕೊಂಡೆ. ಎರಡನೇ ಪರೀಕ್ಷೆ ಚೆನ್ನಾಗಿ ನಡೆಯಿತು. ಸಿಯಾಟಲ್ ಪಕ್ಕದ ಸಮಾಮಿಶ್‌ನ ಗೆಳೆಯರ ಮನೆಗಳಲ್ಲಿ ಮಂಜುನಾಥ ಪ್ರತಿ ಪಾರ್ಟಿಯಲ್ಲೂ ಆ ಕಥೆ ಹೇಳಿದ. ನನ್ನನ್ನೂ ಹೇಳುವಂತೆ ಒತ್ತಾಯಿಸಿದರು, ಹೇಳಿದೆ. ಹೇಳುತ್ತ ಹೇಳುತ್ತ ನನಗೆ ನಿಜಕ್ಕೂ ನೆನಪಾಗತೊಡಗಿತು! ಮುಖಕ್ಕೆ ರಾಚುವ ಹಿಮದ ಪುಡಿ, ತಿರುಗುವ ಅಲಗುಗಳು, ಗಾಜಿನ ಹಿಂದೆ ಡೇಲನ ತೆರೆದ ಬಾಯಿ. ಇದು ನಡೆದದ್ದೋ, ಹೇಳಿ ಹೇಳಿ ಹುಟ್ಟಿದ್ದೋ? ಅವಲಕ್ಕಿಯ ರುಚಿಯೂ ಅಷ್ಟೇ ಸ್ಪಷ್ಟವಾಗಿದೆ. ನನ್ನದೇ ತಲೆಯೊಳಗಿನ ಎರಡು ಸಾಕ್ಷಿಗಳಲ್ಲಿ ಯಾವುದನ್ನು ನಂಬಬೇಕೆಂದು ನನಗೆ ತಿಳಿಯುವುದಿಲ್ಲ.

ಡೇಲ್ ಅದೇ ವರ್ಷ ನಿವೃತ್ತನಾಗಿ ಬೆಟ್ಟದಾಚೆಯ ಊರಿಗೆ ಹೋದ. ಪ್ರತಿ ಡಿಸೆಂಬರಿನಲ್ಲೂ ಅವನಿಂದ ಒಂದು ಕಾರ್ಡು: "ಇನ್ನೂ ಇದ್ದೇನೆ. ವಂದನೆ." ಆ ಎರಡು ಸಾಲು ನನ್ನನ್ನು ಬೈಗುಳಕ್ಕಿಂತ ಹೆಚ್ಚು ಚುಚ್ಚುತ್ತಿದ್ದವು. ಆರನೆಯ ಕಾರ್ಡು ಬಂದ ದಿನ ತಡೆಯಲಾರದೆ ಫೋನು ಮಾಡಿದೆ. ಅಷ್ಟರಲ್ಲಿ ನನಗೆ ಬೇರೆ ಕೆಲಸ ಸಿಕ್ಕಿತ್ತು, ಗ್ರೀನ್ ಕಾರ್ಡೂ ಬಂದಿತ್ತು. ಧೈರ್ಯ ಬಂದದ್ದು ಆಮೇಲೆಯೇ, ಅದನ್ನು ಮುಚ್ಚಿಡುವುದಿಲ್ಲ.

"ಡೇಲ್, ಆ ದಿನ ನಿನ್ನ ಮುಂದೆ ನಿಂತವನು ನಾನಲ್ಲ. ನಾನು ವ್ಯಾನಿನಲ್ಲಿದ್ದೆ. ಮತ್ತೆ ಸಂಕೇತದ ಅಡಚಣೆಯೂ ಸುಳ್ಳು. ತಪ್ಪು ನನ್ನದು."

ಆ ಕಡೆ ಅವನು ಕುರ್ಚಿ ಎಳೆದು ಕೂತ ಸದ್ದಾಯಿತು. "ತಪ್ಪು ನಿಂದು ಅಂತ ಗೊತ್ತಲ್ಲ ನಂಗೆ."

"ಯಾರು ಹೇಳಿದರು?"

"ನೀನೇ. ನಾನು ಕೆಳಗಿಳಿದು ನಿನ್ನ ಕಾಲರ್ ಹಿಡ್ಕೊಂಡೆ. ಎರಡು ಬಿಡೋಣ ಅಂತಾನೇ ಇಳಿದಿದ್ದೆ. ನೀನು ಒಂದೇ ಉಸಿರಲ್ಲಿ ಹೇಳಿಬಿಟ್ಟೆ. ನಡು ಎಡಕ್ಕಿತ್ತು, ನಾನು ಬಲಕ್ಕೆ ಬರೆದೆ, ನಮ್ಮೂರ ಲೆಕ್ಕ ಅದು ಅಂತ. ಅಷ್ಟು ನೇರವಾಗಿ ಒಪ್ಕೊಂಡೋನನ್ನ ಮೇಲಿನವರಿಗೆ ಹೇಗಯ್ಯಾ ಹಿಡಿದುಕೊಡ್ಲಿ? ಅದಕ್ಕೇ ಬಾಯಿ ಮುಚ್ಕೊಂಡಿದ್ದೆ."

ಫೋನು ಕಿವಿಯಲ್ಲಿರುವಾಗಲೇ ಲೆಕ್ಕ ಹಾಕಿದೆ. ಆ ತಪ್ಪು ನನಗೆ ಸಿಕ್ಕಿದ್ದು ಅದೇ ದಿನ ರಾತ್ರಿ. ಬೆಳಗಿನ ಹನ್ನೊಂದಕ್ಕೆ ಅದು ನನಗೇ ಗೊತ್ತಿರಲಿಲ್ಲ. ಅದರ ನಂತರವೂ ಯಾರಿಗೂ ಹೇಳಿರಲಿಲ್ಲ, ಯಾವ ಕಾಗದದಲ್ಲೂ ಬರೆದಿರಲಿಲ್ಲ.

ವಿವರಣೆಗಳನ್ನು ಹುಡುಕದೆ ಬಿಟ್ಟಿಲ್ಲ. ಡೇಲ್ ಬಲಕ್ಕೆ ಎಂದ ಕೂಡಲೇ ನನ್ನ ಮನಸ್ಸಿನ ಯಾವುದೋ ಮೂಲೆಗೆ ತಪ್ಪು ಹೊಳೆದು, ಕಾಲು ತಾನಾಗಿ ಓಡಿ, ಆಮೇಲೆ ಹೆದರಿಕೆಯಲ್ಲಿ ಎಲ್ಲ ಅಳಿಸಿಹೋಗಿರಬಹುದು. ಕೇಳಲು ಚೆನ್ನಾಗಿದೆ. ಆದರೆ ಸಾಯುತ್ತೇನೆಂಬ ಭಯವಿಲ್ಲದೆ ಆ ಅಲಗುಗಳ ಮುಂದೆ ಹೋಗಿ ನಿಲ್ಲುವ, ಕಾಲರ್ ಹಿಡಿದವನಿಗೆ ತಪ್ಪನ್ನು ತಡವರಿಸದೆ ಒಪ್ಪಿಸುವ ಮನುಷ್ಯನನ್ನು ನಾನು ನನ್ನೊಳಗೆ ಎಂದೂ ಕಂಡಿಲ್ಲ. ಅವನು ಒಂದೇ ಉಸಿರಿನಲ್ಲಿ ಹೇಳಿದ್ದನ್ನು ಹೇಳಲು ನನಗೆ ಆರು ವರ್ಷ ಹಿಡಿಯಿತು. ಅಲ್ಲಿ ನಿಂತಿದ್ದವನು ನಾನೇ ಎಂದು ಎಲ್ಲರೂ ಸಾಕ್ಷಿ ಹೇಳುತ್ತಾರೆ. ಹಾಗಾದರೆ ಅದೇ ದಿನ ಮನೆಗೆ ಬಂದು, ಮರುದಿನ ಆ ಸುಳ್ಳು ವರದಿಗೆ ಸಹಿ ಹಾಕಿದವನು ಯಾರು?