ಮಷೀನಿನ ಕುಂಕುಮ

ನಮ್ಮ ಸ್ಕ್ಯಾನ್ ಸೆಂಟರಿನಲ್ಲಿ ಪ್ರತಿದಿನದ ಮೊದಲ ರೋಗಿ ಒಂದು ನೀರಿನ ಡಬ್ಬಿ. ವೈಟ್‌ಫೀಲ್ಡಿನ ಟ್ರಾಫಿಕ್ಕಿನಲ್ಲಿ ಹೈರಾಣಾಗಿ ಬಂದವರು ಎಷ್ಟೇ ಗೊಣಗಲಿ, ಆ ಗುಂಡನೆಯ ಪ್ಲಾಸ್ಟಿಕ್ ಡಬ್ಬಿಯನ್ನು ಸಿ.ಟಿ. ಮಷೀನಿನೊಳಗೆ ಇಟ್ಟು ಚಿತ್ರ ತೆಗೆದ ಮೇಲೆಯೇ ಮನುಷ್ಯರ ಸರದಿ. ಈ ಮಷೀನಿನ ಲೆಕ್ಕದಲ್ಲಿ ನೀರು ಎಂದರೆ ಸೊನ್ನೆ. ನೀರಿಗೆ ಸೊನ್ನೆ ಎನ್ನದ ಮಷೀನು ಮೈಯೊಳಗಿನ ಇನ್ಯಾವುದರ ಬಗ್ಗೆ ಏನು ಹೇಳಿದರೂ ನಾನು ನಂಬುವವಳಲ್ಲ. ಇದನ್ನು ನನ್ನ ಹಟ ಎನ್ನುತ್ತಾರೆ. ಎನ್ನಲಿ.

ಆ ವರ್ಷ ವಿಜಯದಶಮಿಯ ಬೆಳಿಗ್ಗೆ ನೀರು ಸೊನ್ನೆಯಾಗಲಿಲ್ಲ. ಆರು ಎಂದಿತು. ಚಿತ್ರದ ನಡುವೆ ಹೊಗೆಯಂತಹ ಒಂದು ಬಳೆ ಬೇರೆ. ಡಬ್ಬಿಯನ್ನು ಸರಿಪಡಿಸಿಟ್ಟು ಮತ್ತೆ ತೆಗೆದೆ, ಅದೇ ಕಥೆ. ಟಾರ್ಚು ಹಿಡಿದು ಮಷೀನಿನ ಬಾಯೊಳಗೆ ಬಗ್ಗಿ ನೋಡಿದರೆ, ಕ್ಷಕಿರಣ ಹಾದುಹೋಗುವ ತೆಳು ಹಾಳೆಯ ಮೇಲೆ ಗಂಧದಲ್ಲಿ ಕಲಸಿದ ಕುಂಕುಮದ ದಪ್ಪ ಬೊಟ್ಟು! ಹಿಂದಿನ ದಿನದ ಆಯುಧಪೂಜೆಯಲ್ಲಿ ನಮ್ಮ ಮ್ಯಾನೇಜರು ಕೀಬೋರ್ಡಿನಿಂದ ಲಿಫ್ಟಿನವರೆಗೆ ಸಿಕ್ಕಿದ್ದಕ್ಕೆಲ್ಲ ಬೊಟ್ಟಿಟ್ಟಿದ್ದರು. ಭಕ್ತಿ ಹೆಚ್ಚಾಗಿ ಇಲ್ಲಿಗೂ ಕೈ ಚಾಚಿದ್ದಾರೆ.

ನಾನು ಬಟ್ಟೆ ತರುವಷ್ಟರಲ್ಲಿ ಅವರೇ ಓಡಿಬಂದು ಅಡ್ಡ ನಿಂತರು.

"ಮೇಡಂ, ದಶಮಿ ಪೂಜೆ ಇನ್ನೂ ಆಗಿಲ್ಲ. ಇಟ್ಟಿರೋ ಕುಂಕುಮಾನ ಒರಸ್ತಾರಾ ಯಾರಾದ್ರೂ? ಸೆಂಟರ್‌ಗೆ ಒಳ್ಳೇದಾಗಲ್ಲ. ಆರು ತಾನೇ, ಇವತ್ತೊಂದಿನ ಅಡ್ಜಸ್ಟ್ ಮಾಡ್ಕೊಳ್ಳಿ."

ಬಾಗಿಲಾಚೆ ಬೆಂಚಿನ ಮೇಲೆ ಕಾಡುಗೋಡಿಯ ಹಳೆಯ ಒಕ್ಕಲು ಮನೆಯ ಹೆಂಗಸೊಬ್ಬರು ಕಾಯುತ್ತಿದ್ದರು. ಅವರಿಗೆ ಕಿಡ್ನಿಯ ಮೇಲಿನ ಗ್ರಂಥಿಯಲ್ಲೊಂದು ಗಂಟು. ನೀರಿಗೆ ಸೊನ್ನೆ ಎನ್ನುವ ಇದೇ ಲೆಕ್ಕದಲ್ಲಿ ಅದರ ಅಂಕಿ ಹತ್ತರೊಳಗೆ ಬಂದರೆ ಕೊಬ್ಬು ತುಂಬಿದ ಸಾಧು ಗಂಟು, ಅದರ ಪಾಡಿಗೆ ಬಿಡಬಹುದು. ಹತ್ತು ದಾಟಿದರೆ ಆಪರೇಷನ್ ಮಾಡಿ ತೆಗೆಯುವುದೆಂದು ಡಾಕ್ಟರು ಬರೆದು ಕಳಿಸಿದ್ದರು. ಅಡ್ಜಸ್ಟ್ ಮಾಡಿಕೊಳ್ಳಬೇಕಾಗಿದ್ದದ್ದು ಆಕೆಯ ಹೊಟ್ಟೆ, ಮ್ಯಾನೇಜರದಲ್ಲ.

ಆದರೆ ಆಕೆಯೂ ಅವರ ಕಡೆಗೇ ಸೇರಿಕೊಂಡರು. "ಒಟ್ಟೆಗೇನೂ ಆಕ್ದೆ ಕುಂತಿವ್ನಿ ಕಣವ್ವ, ಬಿರ್ರನೆ ಮುಗ್ಸು. ಅಬ್ಬದ್ ದಿನ ಕುಂಕುಮ ಯಾಕ್ ಒರಸ್ತೀಯಾ?"

ನನಗೆ ಮೈಯೆಲ್ಲ ಉರಿದುಹೋಯಿತು. ಮ್ಯಾನೇಜರ ಮುಖಕ್ಕೇ ಹೇಳಿದೆ: "ನನ್ ಗಂಡ ಹೋದಾಗ ಅತ್ತೆಮನೆಯವ್ರು ನನ್ ಹಣೇದು ಒರಸಿದ್ರು ಸಾರ್. ಒಳ್ಳೇದಾಗಲ್ಲ ಅಂತ ಆಗ ಒಬ್ರೂ ಅಡ್ಡ ಬರ್ಲಿಲ್ಲ. ಇದು ಮಷೀನು. ದಾರಿ ಬಿಡಿ."

ಬಿಟ್ಟರು. ಗಂಧ ಒಣಗಿ ಗಟ್ಟಿಯಾಗಿ ಅಂಟಿಕೊಂಡಿತ್ತು. ಒದ್ದೆ ಬಟ್ಟೆಯಲ್ಲಿ ನೆನೆಸಿ ನೆನೆಸಿ ತೆಗೆದೆ. ಮಷೀನನ್ನು ಖಾಲಿ ಓಡಿಸಿ ಕ್ಯಾಲಿಬ್ರೇಷನ್ ಮಾಡಿ, ಮತ್ತೆ ನೀರಿನ ಡಬ್ಬಿ ಇಟ್ಟೆ. ಬಳೆ ಮಾಯವಾಗಿತ್ತು, ನೀರು ಸೊನ್ನೆಗೆ ಬಂದಿತ್ತು. ಆಮೇಲೆಯೇ ಆಕೆಯನ್ನು ಒಳಗೆ ಕರೆದೆ. ಮ್ಯಾನೇಜರು ಗೇಟಿನಲ್ಲಿ ಒಡೆದು ಬಿದ್ದಿದ್ದ ಬೂದುಗುಂಬಳಕಾಯಿಯಂತೆ ಮುಖ ಮಾಡಿಕೊಂಡು ಸಂಜೆಯವರೆಗೂ ಓಡಾಡಿದರು.

ಆಕೆಯ ಗಂಟಿನ ಅಂಕಿ ಏಳು. ಬೊಟ್ಟು ಹಾಗೇ ಇದ್ದಿದ್ದರೆ ಹದಿಮೂರರ ಹತ್ತಿರ ಹೋಗುತ್ತಿತ್ತು, ಅಷ್ಟೆ. ಎಷ್ಟು ಸಣ್ಣ ಅಡ್ಜಸ್ಟ್‌ಮೆಂಟು!

ಮುಂದಿನ ವಾರ ಆಕೆ ತಾವಾಗಿಯೇ ಬಂದರು. "ಡಾಕ್ಟ್ರು ಕುಯ್ಯಾದ್ ಬ್ಯಾಡ ಅಂದ್ರು ಕಣವ್ವ," ಎಂದು ನಕ್ಕು, ಸೆರಗಿನ ಗಂಟು ಬಿಚ್ಚಿ ಕಾಗದದ ಪೊಟ್ಟಣ ತೆಗೆದರು. ಊರಮ್ಮನ ಗುಡಿಯ ಕುಂಕುಮ. ಕೌಂಟರಿನಲ್ಲಿದ್ದ ಮ್ಯಾನೇಜರು ಎಚ್ಚರಿಸುವಂತೆ ಕೆಮ್ಮಿದರು.

"ನೀ ಕೆಮ್ಮಬ್ಯಾಡಪ್ಪ, ಅವತ್ತು ಈಯಮ್ಮ ಅಂದಿದ್ನ ನಾನೂ ಕೇಳ್ಸ್ಕಂಡೆ," ಎಂದು ಆಕೆ ನನ್ನ ಕಡೆ ತಿರುಗಿದರು. "ಅಣೆ ತೋರ್ಸವ್ವ."

ತೋರಿಸಿದೆ. ಹೆಬ್ಬೆರಳಿನಷ್ಟು ಅಗಲಕ್ಕೆ ಇಟ್ಟರು. ಎಷ್ಟೋ ವರ್ಷಗಳಾದ ಮೇಲೆ ಹಣೆಗೆ ತಗುಲಿದ ಆ ತಣ್ಣನೆಯ ಒತ್ತಿಗೆ ಕಣ್ಣು ತುಂಬಿತು. ಖುಷಿಯೂ ಆಯಿತು, ಹಳೆಯ ಸಿಟ್ಟೂ ಎದ್ದಿತು. ಆ ಸಂಜೆ ಮನೆಗೆ ಹೋಗಲಿಲ್ಲ. ಹಣೆಯನ್ನು ಒರೆಸಿಕೊಳ್ಳದೆ, ಸರ್ಜಾಪುರದ ಬಸ್ಸು ಹತ್ತಿ, ನೇರವಾಗಿ ಅತ್ತೆಮನೆಯ ಬಾಗಿಲು ತಟ್ಟಿದೆ.